ಅಳಿವೆಯ ದುಡ್ಡು ಮೊದಲು ಗಜನಿ ಕಟ್ಟೆಗೆ ಬರಲಿ

ಸಂಪಾದಕರೇ,

ಅಘನಾಶಿನಿ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. 4,801 ಹೆಕ್ಟೇರ್ ಜಾಗ. ಖುಷಿಯೇ. ಇಂಥ ಜೌಗು ಪ್ರದೇಶಗಳಿಗೆ ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ದುಡ್ಡು ಕೊಡುವ ಯೋಜನೆಯೂ ಇದೆ. ಅದು ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಅಂತ ಹೇಳಲು ಈ ಪತ್ರ.

ನಾನು ಕುಮಟಾ ತಾಲೂಕಿನ ಗಜನಿ ರೈತ. ಗಜನಿ ಅಂದರೆ ಅಳಿವೆಯ ಪಕ್ಕ ಉಪ್ಪುನೀರು ತಡೆಯಲು ಕಟ್ಟೆ ಹಾಕಿದ ತಗ್ಗು ಗದ್ದೆ. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತೇನೆ. ಗೊಬ್ಬರ ಬೇಡ, ಔಷಧಿ ಬೇಡ, ಭರತದ (ಸಮುದ್ರ ಉಕ್ಕುವ ಹೊತ್ತಿನ) ನೀರು ತಂದು ಹಾಕುವ ಕೆಸರೇ ಸಾಕು. ಗದ್ದೆ ಕೆಲವು ದಿನ ಮುಳುಗಿದರೂ ಕಗ್ಗ ತಡೆದುಕೊಳ್ಳುತ್ತದೆ. ಆದರೆ ಮಳೆ ಕಡಿಮೆಯಾಗಿ ಹೊಳೆ ಉಪ್ಪಾಗುವ ಹೊತ್ತಿಗೆ ಕಟ್ಟೆ ಒಡೆದರೆ ಅದಕ್ಕೂ ಕಷ್ಟ.

ಕಟ್ಟೆ ಒಡೆಯುವುದು ಹೇಗೆ ಗೊತ್ತಾ? ಏಡಿ ಬಿಲ ತೋಡುತ್ತದೆ. ಭರತದ ನೀರು ಅದರೊಳಗೆ ಹೊಕ್ಕು, ಇಳಿಯುವಾಗ ಮಣ್ಣು ಎಳೆದುಕೊಂಡು ಹೋಗುತ್ತದೆ. ಮೊದಲ ದಿನ ಕೈ ತೂರುವಷ್ಟು ತೂತು. ಆಗಲೇ ಒಂದು ಬುಟ್ಟಿ ಜೇಡಿ ಮಣ್ಣು ಮೆತ್ತಿ ತುಳಿದರೆ ಮುಗೀತು. ಬಿಟ್ಟರೆ ಮುಂದಿನ ಅಮಾವಾಸ್ಯೆ ಭರತಕ್ಕೆ ದೋಣಿಯೇ ಒಳಗೆ ಬರಬಹುದು! ಹಿಂದೆ ಇದನ್ನು ನೋಡಲು ಊರವರೇ ಒಬ್ಬ ಕಾವಲಿನವನನ್ನು ಇಡುತ್ತಿದ್ದರು. ಗಜನಿಯ ಮೀನು ಹರಾಜಿನ ದುಡ್ಡಲ್ಲಿ ಅವನ ಸಂಬಳ. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆ ಕಟ್ಟಿಸಿತು. ಇನ್ನು ಸರ್ಕಾರವೇ ನೋಡಿಕೊಳ್ಳುತ್ತದೆ ಅಂತ ನಾವೂ ಕೈಬಿಟ್ಟೆವು. ಆಮೇಲೆ ಸೀಗಡಿ ಕೃಷಿ ಬಂತು, ರೋಗ ಬಿದ್ದು ಅದೂ ಹೋಯಿತು. ಎಷ್ಟೋ ಗಜನಿ ಪಾಳು ಬಿತ್ತು.

ಹೋದ ಸಲ ನಮ್ಮ ಕಟ್ಟೆ ದುರಸ್ತಿಗೆ ಅರ್ಜಿ ಕೊಟ್ಟಿದ್ದೆವು. ಅಳತೆಗೆ ಜನ ಬಂದದ್ದೇ ಮೇ ಕೊನೆಗೆ. ಮಂಜೂರಾಗುವಾಗ ಮಳೆ ಹಿಡಿದಿತ್ತು. ಮಳೆಯಲ್ಲೇ ತಂದು ಸುರಿದ ಕಲ್ಲು ಕೆಸರಿನಲ್ಲಿ ಹೂತುಹೋಯಿತು. ಬೇಸಿಗೆ ಇಡೀ ಸುಮ್ನೆ ಕೂತು ಜೂನ್‌ನಲ್ಲಿ ಕಟ್ಟೆ ಕಟ್ಟುವ ಈ ಪದ್ಧತಿ ಯಾರು ಮಾಡಿದ್ದೋ!

ಈಗ ರಕ್ಷಣೆ ಅಂದಕೂಡಲೇ ಸ್ವಾಗತ ಕಮಾನು, ವಾಚ್ ಟವರ್, ಬೋಟಿಂಗ್ ಅಂತ ಶುರುವಾಗದಿರಲಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವುದು ಒಳ್ಳೆಯದೇ, ಕಟ್ಟೆಯ ಬುಡ ಹಿಡಿದು ನಿಲ್ಲಿಸುತ್ತದೆ. ಆದರೆ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುವ ಹೆಂಗಸರನ್ನು ಕೇಳಿ ನೆಡಿ. ಇಳಿತದಲ್ಲಿ ಏಳುವ ದಿಬ್ಬ ನಿಮಗೆ ಖಾಲಿ ಜಾಗ, ಅವರಿಗೆ ಅದೇ ಗದ್ದೆ.

ಇನ್ನೊಂದು ಮಾತು. ಇದೇ ಹೊಳೆಯ ನೀರನ್ನು ಮೇಲಿನಿಂದಲೇ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾವವೂ ಇದೆ. ಸಿಹಿನೀರು ಕಡಿಮೆಯಾದರೆ ಅಳಿವೆಯಲ್ಲಿ ಉಪ್ಪು ಜಾಸ್ತಿ ಆಗುತ್ತದೆ, ಅಲ್ವಾ? ಒಂದು ಕೈಯಲ್ಲಿ ರಕ್ಷಣೆಯ ದುಡ್ಡು, ಇನ್ನೊಂದು ಕೈಯಲ್ಲಿ ಇದು. ಜನಪ್ರತಿನಿಧಿಗಳು ಮೊದಲು ಇದಕ್ಕೆ ಉತ್ತರ ಹೇಳಲಿ.

ನಾವು ಕೇಳುವುದು ದೊಡ್ಡದಲ್ಲ. ಕಟ್ಟೆಯ ದುಡ್ಡು ಫೆಬ್ರುವರಿಯೊಳಗೆ ಬಿಡುಗಡೆಯಾಗಲಿ. ಕೆಲಸ ಊರಿನ ಗಜನಿ ಸಮಿತಿಗೆ ಸಿಗಲಿ. ಕಟ್ಟೆ ಕಾವಲಿನವನ ಸಂಬಳವೂ ಅದರಲ್ಲೇ ಸೇರಲಿ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅನ್ನುವುದನ್ನು ಪಂಚಾಯಿತಿ ಬೋರ್ಡಿನಲ್ಲಿ ಬರೆದು ಹಾಕಲಿ.

– ಒಬ್ಬ ಗಜನಿ ರೈತ, ಕುಮಟಾ ತಾಲೂಕು