ರೆಕಾರ್ಡರ್‌ನ ಎರಡನೇ ಇನ್‌ಪುಟ್ ದೋಷ ಮತ್ತು ವಾರಂಟಿ ನಿರಾಕರಣೆ ಕುರಿತು ದೂರು

ಇವರಿಂದ:
ತಮ್ಮ ಗ್ರಾಹಕ,
ವಿನೋಬನಗರ, ದಾವಣಗೆರೆ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಎಂಟು ಟ್ರ್ಯಾಕ್‌ನ ಡಿಜಿಟಲ್ ರೆಕಾರ್ಡರ್ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ತಮ್ಮ ಜಾಲತಾಣದಿಂದ ಜೂನ್ 9ರಂದು ₹26,500 ಪಾವತಿಸಿ ತರಿಸಿಕೊಂಡ ರೆಕಾರ್ಡರ್‌ನ ಎರಡನೇ ಮೈಕ್ ಇನ್‌ಪುಟ್ ಕೆಟ್ಟಿದೆ. ಒಂದು ವರ್ಷದ ವಾರಂಟಿ ಚಾಲ್ತಿಯಲ್ಲಿದ್ದರೂ, ಇದು ಡ್ರಮ್ಸ್‌ನ ಅತಿಯಾದ ಶಬ್ದದಿಂದ ಆದ ಹಾನಿ, ಬಳಸಿದವರದೇ ತಪ್ಪು ಎಂದು ತಮ್ಮ ಸೇವಾ ಕೇಂದ್ರದವರು ಯಂತ್ರವನ್ನು ಕಣ್ಣಿಂದಲೂ ನೋಡದೆ ಫೋನಿನಲ್ಲೇ ತೀರ್ಮಾನ ಹೇಳಿ ಮುಗಿಸಿದ್ದಾರೆ.

ನಾನು ಮದುವೆ ಮತ್ತು ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸುವವನು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಕೌದಿಗಳನ್ನು ಇಳಿಬಿಟ್ಟು, ಕಿಕ್ ಡ್ರಮ್ಮಿನೊಳಗೆ ಹಳೆಯ ದಿಂಬೊಂದನ್ನು ತುರುಕಿ, ಎರಡು ಕಂಡೆನ್ಸರ್ ಮೈಕ್‌ಗಳನ್ನು (ಹೊರಗಿನಿಂದ ವಿದ್ಯುತ್ ಕೊಟ್ಟರಷ್ಟೇ ಕೆಲಸ ಮಾಡುವ ಬಗೆಯವು) ತಲೆಗಿಂತ ಎತ್ತರದಲ್ಲಿ ಕಟ್ಟಿ ರೆಕಾರ್ಡ್ ಮಾಡುತ್ತೇನೆ. ಟ್ರ್ಯಾಕ್‌ಗಳು ಎಂಟಿದ್ದರೂ ಈ ಯಂತ್ರದಲ್ಲಿ ಒಮ್ಮೆಗೆ ಎರಡು ಮೈಕ್ ಮಾತ್ರ ದಾಖಲಾಗುತ್ತವೆ ಎಂಬುದು ಕೊಳ್ಳುವಾಗಲೇ ನನಗೆ ಗೊತ್ತಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆ ಮಾತು ತಮ್ಮ ಜಾಹೀರಾತಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ ಎಂಬುದನ್ನು ಮಾತ್ರ ಮುಂದೆ ಕೊಳ್ಳುವವರ ಸಲುವಾಗಿ ಹೇಳಿಡುತ್ತೇನೆ. ಸ್ನೇರ್ ಡ್ರಮ್ಮಿನ ನಡುವಿನಿಂದ ಎರಡೂ ಮೈಕ್‌ಗಳಿಗೆ ಒಂದೇ ದೂರ ಇರುವಂತೆ ನೂಲು ಹಿಡಿದು ಅಳೆಯುತ್ತೇನೆ. ಶಬ್ದವು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ, ಒಂದು ಗೇಣಿನಷ್ಟು ಹೆಚ್ಚುಕಡಿಮೆಯಾದರೂ ಎರಡನ್ನೂ ಸೇರಿಸಿ ಕೇಳುವಾಗ ಸ್ನೇರ್‌ನ ಪೆಟ್ಟು ಬಡಕಲಾಗುತ್ತದೆ. ಇಷ್ಟು ಜೋಪಾನವಾಗಿ ಕೆಲಸ ಮಾಡುವವನಿಗೆ 'ಗೇನ್ (ಮೈಕ್‌ನ ದನಿಯನ್ನು ಹಿಗ್ಗಿಸುವ ಮಟ್ಟ) ಜಾಸ್ತಿ ಇಟ್ಟಿದ್ದೀರಿ' ಎಂಬ ಉತ್ತರ ಬಂದಿದೆ.

ಜುಲೈ ಮೊದಲ ವಾರದಿಂದ ಎರಡನೇ ಇನ್‌ಪುಟ್‌ನಲ್ಲಿ, ಇಲ್ಲಿನ ಮಂಡಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಸಿಡಿದಂತೆ ಚಟಪಟ ಸದ್ದು ಬರತೊಡಗಿತು, ನಡುನಡುವೆ ಮೈಕ್‌ನ ದನಿಯೇ ಇಂಗಿಹೋಗುತ್ತಿತ್ತು. ಅದು ಡ್ರಮ್ಸ್‌ನ ಪೆಟ್ಟಿನ ಜೋರಿಗೆ ಒಡೆದ ಶಬ್ದವಾಗಿದ್ದರೆ ಪೆಟ್ಟು ಬಿದ್ದಾಗಲಷ್ಟೇ ಕೇಳಬೇಕಿತ್ತು. ಇದರೊಂದಿಗೆ ಲಗತ್ತಿಸಿರುವ ಧ್ವನಿಕಡತದಲ್ಲಿ, ನಾನು ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸುವುದಕ್ಕೂ ಮೊದಲಿನ ನಿಶ್ಶಬ್ದದಲ್ಲೇ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಶಬ್ದ ಒಡೆಯುವುದು ಮೀಟರ್ ಸೊನ್ನೆ ಮುಟ್ಟಿದಾಗ; ಅದು ಮೈನಸ್ 12 ಡೆಸಿಬೆಲ್ ದಾಟಿದ ಉದಾಹರಣೆಯೂ ಆ ಇಡೀ ಕಡತದಲ್ಲಿಲ್ಲ.

ಮೈಕ್ ಮತ್ತು ಕೇಬಲ್‌ಗಳನ್ನು ಅದಲುಬದಲು ಮಾಡಿ ನೋಡಿದೆ. ಗಲಾಟೆ ಮಾಡುವ ಅದೇ ಕಂಡೆನ್ಸರ್ ಮೈಕ್ ಮೊದಲನೇ ಇನ್‌ಪುಟ್‌ನಲ್ಲಿ ತೆಪ್ಪಗೆ ಕೆಲಸ ಮಾಡುತ್ತದೆ. ವಿದ್ಯುತ್ತಿನ ಅಗತ್ಯವೇ ಇಲ್ಲದ ಡೈನಾಮಿಕ್ ಮೈಕನ್ನು ಎರಡನೆಯದಕ್ಕೆ ಸಿಕ್ಕಿಸಿದರೆ ಅಲ್ಲೂ ಆ ಚಟಪಟ ಸದ್ದಿಲ್ಲ. ಕೊನೆಗೆ ಧ್ವನಿವರ್ಧಕ ರಿಪೇರಿ ಮಾಡುವ ಪರಿಚಿತರೊಬ್ಬರು ಮಲ್ಟಿಮೀಟರ್ ಹಿಡಿದು ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕ್‌ಗೆ ಯಂತ್ರ ಕಳಿಸುವ ವಿದ್ಯುತ್) ಅಳೆದಾಗ, 48 ವೋಲ್ಟ್ ಇರಬೇಕಾದಲ್ಲಿ ಮೊದಲನೆಯದರಲ್ಲಿ 47.6, ಎರಡನೆಯದರಲ್ಲಿ 19ರಿಂದ 31ರವರೆಗೆ ಮುಳ್ಳು ತೂಗಾಡಿತು. ನಾವು ಯಂತ್ರದ ಒಂದು ಸ್ಕ್ರೂವನ್ನೂ ಬಿಚ್ಚಿಲ್ಲ, ಸೀಲ್ ಹಾಗೆಯೇ ಇದೆ. ಮೈಕ್‌ಗೆ ವಿದ್ಯುತ್ ಕಳಿಸುವ ಭಾಗವೇ ಸೋತಿರುವಾಗ ತಪ್ಪನ್ನು ಡ್ರಮ್ಸ್‌ನ ತಲೆಗೆ ಕಟ್ಟುವುದು ಯಾವ ನ್ಯಾಯವೋ ತಿಳಿಯದು.

ನನಗೆ ಹೆಚ್ಚು ಬೇಸರ ತಂದದ್ದು ತಮ್ಮ ಸಿಬ್ಬಂದಿ ಕೊಟ್ಟ ಸಲಹೆ: "ಮೊದಲನೇ ಇನ್‌ಪುಟ್ ಸರಿಯಿದೆಯಲ್ಲ ಸರ್, ಒಂದಾದ ಮೇಲೊಂದರಂತೆ ಅದರಲ್ಲೇ ಎರಡು ಸಲ ನುಡಿಸಿ ಸೇರಿಸಿಕೊಳ್ಳಿ." ಕೀಬೋರ್ಡನ್ನೋ ಹಾಡುಗಾರಿಕೆಯನ್ನೋ ಹಾಗೆ ಒಂದೊಂದಾಗಿ ತುಂಬಬಹುದು. ಡ್ರಮ್ಸ್‌ನಲ್ಲಿ ಒಂದೇ ಪೆಟ್ಟನ್ನು ಎರಡು ಮೈಕ್‌ಗಳು ಒಂದೇ ಕ್ಷಣದಲ್ಲಿ ಕೇಳಿಸಿಕೊಳ್ಳಬೇಕು. ಎಂಥ ನುರಿತ ಕೈಯೂ ಅದೇ ಪೆಟ್ಟನ್ನು ಅದೇ ಮಿಲಿಸೆಕೆಂಡಿಗೆ ಎರಡನೇ ಸಲ ಹಾಕಲಾರದು. ಎರಡೇ ಇನ್‌ಪುಟ್ ಇರುವ ಯಂತ್ರದಲ್ಲಿ ಒಂದು ಹೋದರೆ ನನ್ನ ಪಾಲಿಗೆ ಅರ್ಧವಲ್ಲ, ಪೂರ್ತಿಯೇ ಹೋದಂತೆ.

ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ದೋಷವಿರುವ ಸರಕನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸುವ ಹೊಣೆ ಕುಂದುಕೊರತೆ ಅಧಿಕಾರಿಯದು. ಆದ್ದರಿಂದ ಈ ರೆಕಾರ್ಡರನ್ನು ಹೊಸದರೊಂದಿಗೆ ಬದಲಿಸಿಕೊಡಬೇಕು, ಇಲ್ಲವೇ ಪೂರ್ತಿ ಹಣ ಮರಳಿಸಬೇಕು ಎಂದು ಕೋರುತ್ತೇನೆ. ನಾನೇ ಬೆಂಗಳೂರಿನ ಸೇವಾ ಕೇಂದ್ರಕ್ಕೆ ಹೊತ್ತು ತರಬೇಕೆಂಬ ಷರತ್ತನ್ನು ಒಪ್ಪಲಾರೆ, ಸಾಗಣೆಯ ವೆಚ್ಚ ತಮ್ಮದೇ ಆಗಿರಲಿ. ಅವಧಿಯೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸಿಸುವ ಈ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ.

ಯಂತ್ರವನ್ನು ಅದರ ಡಬ್ಬಿ, ಅಡಾಪ್ಟರ್ ಮತ್ತು ಬಿಲ್ಲಿನೊಂದಿಗೆ ಕಟ್ಟಿಟ್ಟಿದ್ದೇನೆ. ಗಣೇಶೋತ್ಸವದ ತಾಲೀಮು ಆರಂಭವಾಗಿರುವುದರಿಂದ, ಒಯ್ಯಲು ಬರುವವರು ಬೆಳಿಗ್ಗೆ ಹತ್ತರೊಳಗೆ ಬಂದರೆ ನಾನು ಮನೆಯಲ್ಲಿರುತ್ತೇನೆ.

ಇಂತಿ,
ತಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ವಾರಂಟಿ ಕಾರ್ಡ್, ಎರಡು ಧ್ವನಿಕಡತಗಳು, ಮಲ್ಟಿಮೀಟರ್ ಅಳತೆಯ ವಿಡಿಯೊ