ಹಿಂಡಲಗಾಕ್ಕೆ ಪುಸ್ತಕ: ಶನಿವಾರದೊಳಗೆ ತಲುಪಿಸಿ

ಗ್ರಂಥಪಾಲಕ ಮಿತ್ರರಿಗೆಲ್ಲ ನಮಸ್ಕಾರ. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ದೂರಶಿಕ್ಷಣದ ಮೂಲಕ ಪದವಿ ಓದುತ್ತಿರುವವರಿಗೆ ಮತ್ತೆ ಪುಸ್ತಕ ಸಂಗ್ರಹಿಸುತ್ತಿದ್ದೇವೆ. ಕಳೆದ ಸಲ ಬಂದ ಮೂರು ಚೀಲಗಳಲ್ಲಿ ಅರ್ಧಕ್ಕರ್ಧ ರದ್ದಿಯೇ ಇತ್ತು. ಒಂದರಲ್ಲಿ ಮಿಕ್ಸರಿನ ಕೈಪಿಡಿಯೂ ಸಿಕ್ಕಿತು! ಒಳಗಿರುವವರಿಗೆ ಏನು ಕೊಟ್ಟರೂ ನಡೆಯುತ್ತದೆ ಎಂಬ ಧೋರಣೆ ದಯವಿಟ್ಟು ಬೇಡ. ಪ್ರತಿ ಸೆರೆಮನೆಯಲ್ಲೂ ಸಾಕಷ್ಟು ಪುಸ್ತಕಗಳುಳ್ಳ ಗ್ರಂಥಾಲಯ ಇರಬೇಕೆಂದು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳೇ ಹೇಳುತ್ತವೆ (64ನೆಯ ನಿಯಮ).

ಬೇಕಾಗಿರುವುದು ಬಿ.ಎ. ಮಟ್ಟದ ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರದ ಪುಸ್ತಕಗಳು ಮತ್ತು ನಿಘಂಟುಗಳು. ಮರಾಠಿಯವೂ ಇರಲಿ, ಇದು ಬೆಳಗಾವಿ.

ಪುಸ್ತಕಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಅಲ್ಲಿ ಮೊಬೈಲ್ ಇಲ್ಲ, ಹುಡುಕಲು ಗೂಗಲ್ ಇಲ್ಲ. ಪ್ರಶ್ನೆಗಳು ಚೀಟಿಯಲ್ಲಿ ಬರುತ್ತವೆ. ಮೊನ್ನೆಯ ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ರಾಷ್ಟ್ರೀಯ ಆದಾಯ ಅಳೆಯುವ ವಿಧಾನಗಳು, ಉದಾಹರಣೆ ಸಹಿತ, ಕನ್ನಡದಲ್ಲಿ.’ ಇಂಥವಕ್ಕೆ ಲೇಖನ ಹುಡುಕಿ, ಜೆರಾಕ್ಸ್ ಮಾಡಿಸಿಕೊಡಲು ವಾರಕ್ಕೊಂದು ಗಂಟೆ ಕೊಡಬಲ್ಲವರು ಇಲ್ಲೇ ಹೆಸರು ಹಾಕಿ.

ಪ್ರತಿಗಳಿಗೆ ಪಿನ್ ಹೊಡೆಯಬೇಡಿ, ದಾರದಿಂದ ಹೊಲಿಯಿರಿ. ಪುಸ್ತಕದೊಳಗೆ ಹಳೆಯ ಪತ್ರ, ನೋಟು ಉಳಿದಿವೆಯೇ ಎಂದು ಪುಟ ತಿರುವಿ ನೋಡಿ. ಶನಿವಾರ ಮಧ್ಯಾಹ್ನ 2ರವರೆಗೆ ನಮ್ಮ ಗ್ರಂಥಾಲಯದ ಕೌಂಟರಿನಲ್ಲಿ ಇರುತ್ತೇನೆ.