ಗೆಳೆಯನಿಗೊಂದು ಪತ್ರ: ಹತ್ತು ಗಂಟೆಯ ನಿಯಮ

ಪ್ರೀತಿಯ ಗೆಳೆಯ,

ಡೊಂಬಿವಲಿಯಲ್ಲಿ ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಕೊಡೆ ಬಿಚ್ಚಿದಾಗಲೆಲ್ಲ ನಿನ್ನ ನೆನಪು. ಕಾರಣ ನಿನಗೆ ಗೊತ್ತು. ನಿನ್ನ ವಿದ್ಯಾರ್ಥಿಗಳೂ ಇದನ್ನು ಓದುತ್ತಾರೆ, ಆದ್ದರಿಂದ ಆ ಕಥೆ ಬೇಡ.

ಧಾರವಾಡದಲ್ಲಿ ಇಂಗ್ಲಿಷ್ ಕಲಿಸುವವನು ನೀನು, ಅದಕ್ಕೇ ಬರೆಯುತ್ತಿದ್ದೇನೆ. ಈ ವರ್ಷ ನಮ್ಮ ಹೌಸಿಂಗ್ ಸೊಸೈಟಿಗೆ ನಾನೇ ಕಾರ್ಯದರ್ಶಿ. ಸೂಚನೆಗಳು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಹೊರಡಬೇಕು. ಇಂಗ್ಲಿಷ್ ನನ್ನ ಪಾಲು. ಕಳೆದ ವಾರ ಹೀಗೆ ಬರೆದೆ: ‘ದಿ ರೂಲ್ಸ್ ಫಾರ್ ಓನರ್ಸ್ ಆರ್ ಸ್ಟ್ರಿಕ್ಟ್. ಆನ್ ದಿ ಕಾಂಟ್ರರಿ, ದಿ ರೂಲ್ಸ್ ಫಾರ್ ಟೆನೆಂಟ್ಸ್ ಆರ್ ಮೋರ್ ಸ್ಟ್ರಿಕ್ಟರ್.’ ಮಾಲೀಕರ ನಿಯಮ ಬಿಗಿ, ಬಾಡಿಗೆದಾರರದ್ದು ಇನ್ನೂ ಬಿಗಿ ಎನ್ನುವುದು ನನ್ನ ಉದ್ದೇಶ.

ಎರಡನೇ ಮಹಡಿಯ ಕಾಕಾ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕೆಂಪು ಪೆನ್ನಿನಿಂದ ಎರಡು ಕಡೆ ಸುತ್ತು ಹಾಕಿದರು. ‘ಮೋರ್’ ಏಕೆ ತಪ್ಪೆಂದು ತಕ್ಷಣ ಹೊಳೆಯಿತು. ನಮ್ಮ ಭಾಷೆಯಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊರುತ್ತದೆ, ‘ಬಿಗಿ’ ಎಂಬ ಮಾತು ರೂಪ ಬದಲಿಸುವುದಿಲ್ಲ. ಒತ್ತು ಬೇಕಾದರೆ ‘ಇನ್ನೂ’ ಸೇರಿಸುತ್ತೇವೆ. ಆ ಅಭ್ಯಾಸವೇ ‘ಸ್ಟ್ರಿಕ್ಟರ್’ ಮುಂದೆ ‘ಮೋರ್’ ತಂದು ಕೂರಿಸುತ್ತದೆ.

‘ಆನ್ ದಿ ಕಾಂಟ್ರರಿ’ಯ ತಪ್ಪು ಮಾತ್ರ ಆಳದ್ದು. ಹಿಂದೆ ಹೇಳಿದ್ದನ್ನು ‘ಹಾಗಲ್ಲ’ ಎಂದು ಅಲ್ಲಗಳೆಯುವ ಮಾತು ಅದು. ಎರಡು ವಸ್ತುಗಳ ವ್ಯತ್ಯಾಸ ತೋರಿಸಲು ‘ಬೈ ಕಾಂಟ್ರಾಸ್ಟ್’ ಇದೆ. ಕನ್ನಡದ ‘ತದ್ವಿರುದ್ಧವಾಗಿ’ ಎರಡು ಕೆಲಸವನ್ನೂ ಮಾಡುವುದರಿಂದ ನಾವು ಎಡವುತ್ತೇವೆ. ‘ಬೈ ಕಾಂಟ್ರಾಸ್ಟ್’ ಹಾಕಲೇ ಎಂದು ಕೇಳಿದೆ. ಕಾಕಾ ಅದಕ್ಕೂ ಒಪ್ಪಲಿಲ್ಲ. ಒಂದು ಬಿಗಿ, ಇನ್ನೊಂದು ಸಡಿಲವಾಗಿದ್ದರೆ ಅದು ಸರಿ. ಎರಡೂ ಬಿಗಿಯಾಗಿದ್ದು ಒಂದು ಹೆಚ್ಚು ಬಿಗಿಯಾದರೆ ‘ಈವನ್ ಸ್ಟ್ರಿಕ್ಟರ್’ ಸಾಕು ಎಂದರು. ಮತ್ತೆ ‘ಅನ್‌ಲೈಕ್ ಓನರ್ಸ್, ದಿ ರೂಲ್ಸ್’ (ಮಾಲೀಕರಂತಲ್ಲದೆ, ನಿಯಮಗಳು) ಎಂದು ಶುರುಮಾಡಿದ್ದಕ್ಕೂ ಗೆರೆ ಬಿತ್ತು. ಮಾಲೀಕರನ್ನು ನಿಯಮಗಳ ಜೊತೆ ತೂಗಿದಂತಾಯಿತು, ನಿಯಮವನ್ನು ನಿಯಮದ ಜೊತೆಗೇ ತೂಗಬೇಕು ಎಂದರು. ಆಮೇಲೆ ಕೇಳಿದರು, ‘ಮಾಲೀಕರಿಗಿರುವ ನಿಯಮ ಯಾವುದು? ಮೊದಲು ಅದನ್ನು ಬರೆಯಿರಿ.’

ಬರೆಯಲು ಕುಳಿತೆ. ಬಾಡಿಗೆದಾರರ ನೆಂಟರು ರಾತ್ರಿ ಹತ್ತರೊಳಗೆ ಹೊರಡಬೇಕು, ‘ವೇರ್‌ಆಸ್’ (ಆದರೆ) ಮಾಲೀಕರ ನೆಂಟರು... ಪೆನ್ನು ನಿಂತಿತು. ಅವರಿಗೆ ಯಾವ ನಿಯಮವೂ ಇರಲಿಲ್ಲ. ಮನೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ಪಡೆಯುವ ಹೆಚ್ಚುವರಿ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರ್ಕಾರ 2001ರಲ್ಲೇ ಮಿತಿ ಹಾಕಿದೆ. ಅದನ್ನು ನಾವು ಪೈಸೆ ಲೆಕ್ಕದಲ್ಲಿ ಪಾಲಿಸುತ್ತೇವೆ. ಈ ಹತ್ತು ಗಂಟೆಯನ್ನು ಕೇಳಿದವರಾರು? ಸಮಿತಿಯಲ್ಲಿ ಯಾರೂ ಕೇಳಿರಲಿಲ್ಲ. ನಾನೇ ಬರೆದಿದ್ದೆ.

ನಿನಗೆ ಒಂದು ವಿಷಯ ಹೇಳಿಲ್ಲ. 1998ರಲ್ಲಿ ಅಂಧೇರಿಯಲ್ಲಿ ನಾನು ಪೇಯಿಂಗ್ ಗೆಸ್ಟ್ ಆಗಿದ್ದಾಗ ಅಪ್ಪ ನನ್ನನ್ನು ನೋಡಲು ಬಂದಿದ್ದರು. ಖಂಡಾಲಾ ಘಾಟಿಯಲ್ಲಿ ಬಸ್ಸು ಕೆಟ್ಟು, ಮನೆ ಮುಟ್ಟುವಾಗ ಹತ್ತೂವರೆ. ಹತ್ತರ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಮನೆಯೊಡತಿ ಬಾಗಿಲ ಸರಪಳಿ ತೆಗೆಯಲಿಲ್ಲ. ಅಪ್ಪ ರೊಟ್ಟಿಯ ಗಂಟನ್ನು ತಲೆಗಿಟ್ಟುಕೊಂಡು ರೈಲು ನಿಲ್ದಾಣದ ಬೆಂಚಿನ ಮೇಲೆ ಮಲಗಿದರು. ನಾನು ಪಕ್ಕದಲ್ಲಿ ಕುಳಿತೇ ಬೆಳಗು ಮಾಡಿದೆ. ಲಾಡ್ಜಿನಲ್ಲಿ ಉಳಿದೆವೆಂದು ನಿನಗೆ ಬರೆದದ್ದು ಸುಳ್ಳು. ಅಂಥ ರಾತ್ರಿ ಕಳೆದವನ ಕೈ, ಮನೆ ಸ್ವಂತದ್ದಾದ ಮೇಲೆ, ಅದೇ ಹತ್ತು ಗಂಟೆಯನ್ನು ಬರೆಯಿತಲ್ಲ! ಈ ವಾರವಿಡೀ ಇದೇ ಕೊರಗು.

ಸೂಚನೆ ಇನ್ನೂ ಫಲಕ ಸೇರಿಲ್ಲ. ಆ ನಿಯಮವನ್ನೇ ಕೈಬಿಡಬೇಕೆಂದು ಭಾನುವಾರದ ಸಭೆಯಲ್ಲಿ ಕೇಳುತ್ತೇನೆ.

ಇಷ್ಟೆಲ್ಲ ಹೇಳುವ ಯೋಚನೆ ಇರಲಿಲ್ಲ, ಹೋಗಲಿ ಬಿಡು. ದೀಪಾವಳಿಗೆ ಬರುವಾಗ ಪೇಡೆ ತಾ. ಕಳೆದ ಸಲದಂತೆ ದಾರಿಯಲ್ಲೇ ಮುಗಿಸಬೇಡ. ‘ವೇರ್‌ಆಸ್’ ಮುಂಚೆ ಅಲ್ಪವಿರಾಮ ಬೇಕೇ ಬೇಕು ಎನ್ನುತ್ತಾರೆ ಕಾಕಾ. ನೀನೇನು ಹೇಳುತ್ತೀ? ಬೇಗ ಬರೆ.

ನಿನ್ನವ